ಎಂಟೂವರೆಯ ಮಳೆ

ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ಜೂನ್ ತಿಂಗಳ ಬೆಳಗಿನ ಫೋನು ಕುಶಲ ವಿಚಾರಿಸಿ ಶುರುವಾಗುವುದಿಲ್ಲ. "ನಿಮ್ಮಲ್ಲಿ ಎಷ್ಟಾಯ್ತು?" ಎಂದು ಆ ಕಡೆಯ ದನಿ. "ಎರಡು ಇಂಚು ಹದಿನೆಂಟು ಸೆಂಟ್" ಎಂದು ಈ ಕಡೆಯದು. "ನಮ್ಮಲ್ಲಿ ಒಂದು ತೊಂಬತ್ತು, ಅಷ್ಟೇ." ಹೊಸಬರು ಕೇಳಿಸಿಕೊಂಡರೆ ಸೈಟಿನ ವ್ಯವಹಾರ ಅಂದುಕೊಂಡಾರು. ಇಲ್ಲಿ ಸೆಂಟ್ ಎಂದರೆ ನೆಲವಲ್ಲ, ಒಂದಿಂಚು ಮಳೆಯ ನೂರನೇ ಒಂದು ಪಾಲು. ದೇಶವೆಲ್ಲ ಮಿಲಿಮೀಟರಿಗೆ ಹೋಗಿ ಎಷ್ಟೋ ಕಾಲವಾದರೂ ಮಲೆನಾಡು, ಕೊಡಗಿನ ಬೆಳೆಗಾರರ ಮಳೆ ಇನ್ನೂ ಇಂಚು, ಸೆಂಟಿನಲ್ಲೇ ಸುರಿಯುತ್ತದೆ.

ನನ್ನ ಸೋದರಮಾವ ಅಂಥವರಲ್ಲೊಬ್ಬರು. ಅವರ ತೋಟದ ಕಾಫಿ ಕಣದ ಅಂಚಿಗೆ, ಒಂದು ಕಾಲಕ್ಕೆ ಸುತ್ತ ಮರವಿಲ್ಲದಿದ್ದ ಕಡೆ, ಸಿಮೆಂಟಿನ ಸಣ್ಣ ಕಟ್ಟೆಯಲ್ಲಿ ಹೂತಿಟ್ಟ ರೈನ್ ಗೇಜ್ ಇದೆ. ಬೆಳಿಗ್ಗೆ ಎಂಟೂವರೆಗೆ ಛತ್ರಿ ಹಿಡಿದು ಅಲ್ಲಿಗೆ ಹೋಗುತ್ತಾರೆ. ಮೇಲಿನ ಆಲಿಕೆ ತೆಗೆದು, ಒಳಗಿನ ಬಾಟಲಿ ಎತ್ತಿ, ನೀರನ್ನು ಉದ್ದನೆಯ ಅಳತೆ ಗಾಜಿಗೆ ಸುರಿಯುತ್ತಾರೆ. ಗಾಜನ್ನು ಕೈಯಲ್ಲಿ ಹಿಡಿದು ಓದುವುದಿಲ್ಲ. ಕಟ್ಟೆಯ ಮೇಲೆ ಸಮನಾಗಿ ಇಟ್ಟು, ತಾವೇ ಮೊಣಕಾಲೂರಿ, ಕಣ್ಣನ್ನು ನೀರಿನ ಮಟ್ಟಕ್ಕೆ ತರುತ್ತಾರೆ. ಗಾಜಿನ ಗೋಡೆಗೆ ಅಂಟಿದ ನೀರು ಅಂಚಿನಲ್ಲಿ ತುಸು ಮೇಲೇರಿ ನಡುವೆ ತಗ್ಗಾಗಿರುತ್ತದೆ. ಓದಬೇಕಾದ್ದು ಆ ತಗ್ಗನ್ನು. ಒಮ್ಮೆ ಓದಿ ಮನಸ್ಸಿನಲ್ಲಿಟ್ಟುಕೊಂಡು, ಇನ್ನೊಮ್ಮೆ ಓದಿ, ಎರಡೂ ಒಂದೇ ಆದರೆ ಮಾತ್ರ ನೀರನ್ನು ದಾಸವಾಳದ ಬುಡಕ್ಕೆ ಚೆಲ್ಲುತ್ತಾರೆ. ಚೆಲ್ಲಿದ ಮೇಲೆ ಆ ದಿನದ ಮಳೆಗೆ ಬೇರೆ ಸಾಕ್ಷಿಯಿಲ್ಲ.

ಎಪ್ಪತ್ತು ದಾಟಿದವರ ಮೊಣಕಾಲಿಗೆ ಈ ಕೆಲಸ ಸುಲಭವಲ್ಲ. "ತೋಟದ ರೈಟರಿಗೆ ಹೇಳಿ ಮಾಡಿಸಬಾರದಾ ಮಾವ?" ಎಂದು ಕೇಳಿದರೆ, "ಮಾಡಿಸಬಹುದು ಮಾರಾಯ. ಆದ್ರೆ ನಾಳೆ ಅನುಮಾನ ಬಂದ್ರೆ ಯಾರನ್ನ ಕೇಳ್ಲಿ?" ಎನ್ನುತ್ತಾರೆ.

ಈ ಲೆಕ್ಕಕ್ಕೆ ಮೂಲ ಕಾರಣ ಹೊಟ್ಟೆಪಾಡು. ಫೆಬ್ರವರಿ, ಮಾರ್ಚಿನಲ್ಲಿ ಒಂದಿಂಚಿನ ಆಸುಪಾಸು ಹೂಮಳೆ ಬಿದ್ದರೆ ಎಂಟು ಹತ್ತು ದಿನದಲ್ಲಿ ಕಾಫಿ ಗಿಡ ಬೆಳ್ಳಗೆ ಅರಳುತ್ತದೆ. ಇಪ್ಪತ್ತು ಸೆಂಟ್ ಬಿದ್ದು ಕೈಕೊಟ್ಟರೆ ಮೊಗ್ಗು ಎಚ್ಚರಾಗಿ ಅರ್ಧದಲ್ಲೇ ಸೀಯುತ್ತದೆ. ಆಗ ಸ್ಪ್ರಿಂಕ್ಲರ್ ಓಡಿಸಬೇಕೋ ಬೇಡವೋ ಎನ್ನುವುದು ಅಳತೆ ಗಾಜಿನ ಕೆಲವು ಗೆರೆಗಳ ಮೇಲೆ ನಿಂತಿರುತ್ತದೆ. ಅದಕ್ಕಾಗಿ ಇಟ್ಟ ಪುಸ್ತಕ ವರ್ಷಗಟ್ಟಲೆ ಬೆಳೆದು ಬೇರೆಯೇ ಒಂದು ವಸ್ತುವಾಗುತ್ತದೆ. ಹವಾಮಾನ ಬದಲಾಗಿದೆಯೇ ಎಂಬ ಪ್ರಶ್ನೆಗೆ ಇಂದು ಉತ್ತರ ಹುಡುಕುವವರಿಗೆ ಬೇಕಿರುವುದು ಇಂಥ ಪುಸ್ತಕವೇ. ಇಲಾಖೆಯದಾಗಲಿ, ತೋಟದ್ದಾಗಲಿ, ಒಂದು ದಿನವೂ ಬಿಡದೆ ಬರೆದಿರಬೇಕು.

ಸಾಧನ ನೋಡಲು ಪೆದ್ದು ಡಬ್ಬಿಯ ಹಾಗಿದೆ. ಆದರೆ ಅದರಲ್ಲಿ ತಲೆ ಓಡಿಸದೆ ಬಿಟ್ಟ ಜಾಗ ಒಂದೂ ಇಲ್ಲ. ನಮ್ಮಲ್ಲಿ ಹೆಚ್ಚು ಬಳಕೆಯಾದದ್ದು ಸೈಮನ್ಸ್ ಮಾದರಿ, ಐದಿಂಚು ಅಗಲದ ಬಾಯಿ. ಬಾಯಿಯ ಹಿತ್ತಾಳೆ ಅಂಚನ್ನು ಚಾಕುವಿನಂತೆ ಹರಿತ ಮಾಡಿರುತ್ತಾರೆ. ಅಂಚಿಗೆ ತಾಗಿದ ಹನಿ ಸೀಳಿ ಒಳಗಿನದು ಒಳಕ್ಕೆ, ಹೊರಗಿನದು ಹೊರಕ್ಕೆ ಹೋಗಬೇಕು. ದಪ್ಪ ಅಂಚಾದರೆ ಹೊರಗಿನ ಹನಿಯೂ ಸಿಡಿದು ಒಳಗೆ ಬಿದ್ದು ಲೆಕ್ಕ ಹೆಚ್ಚುತ್ತದೆ. ಆ ಅಂಚು ನೆಲದಿಂದ ಒಂದಡಿ ಮೇಲಿರಬೇಕು. ಇನ್ನೂ ತಗ್ಗಿಸಿದರೆ ನೆಲಕ್ಕೆ ಬಡಿದ ಹನಿ ಚಿಮ್ಮಿ ಒಳಬರುತ್ತದೆ, ಎತ್ತರಿಸಿದರೆ ಗಾಳಿ ಹನಿಗಳನ್ನು ಬಾಯಿಯ ಮೇಲಿಂದಲೇ ಹಾರಿಸಿಕೊಂಡು ಹೋಗುತ್ತದೆ. ಹತ್ತಿರದ ಮರವೋ ಮನೆಯೋ ತನ್ನ ಎತ್ತರದ ಎರಡು ಪಟ್ಟಾದರೂ ದೂರದಲ್ಲಿರಬೇಕು. ಬಾಟಲಿ ತುಂಬಿ ಉಕ್ಕಿದರೂ ನೀರು ವ್ಯರ್ಥವಾಗದಂತೆ ಸುತ್ತ ಇನ್ನೊಂದು ಡಬ್ಬಿ.

ಜಾಣತನವೆಲ್ಲ ಇರುವುದು ಅಳತೆ ಗಾಜಿನಲ್ಲಿ. ಐದಿಂಚಿನ ಬಾಯಿಗೆ ಒಂದಿಂಚು ಮಳೆ ಬಿದ್ದರೆ ಸಿಗುವ ನೀರು ಸುಮಾರು 320 ಮಿಲಿಲೀಟರ್. ಒಂದು ಸೆಂಟಿಗೆ ಮೂರು ಮಿಲಿಲೀಟರ್ ಚಿಲ್ಲರೆ, ಒಂದು ಸಣ್ಣ ಚಮಚೆಯಷ್ಟೂ ಇಲ್ಲ. ಐದಿಂಚಿನ ಪಾತ್ರೆಯಲ್ಲಿ ಅದು ಕೂದಲೆಳೆಯಷ್ಟು ಪದರ, ಯಾವ ಕಣ್ಣಿಗೂ ಕಾಣದು. ಅದನ್ನೇ ಕಿರಿದಾದ ಗಾಜಿಗೆ ಸುರಿದಾಗ ಮೇಲೇರಿ ನಿಲ್ಲುತ್ತದೆ, ಗೆರೆಗೆರೆಯಾಗಿ ಓದಬಹುದು. ಲೆನ್ಸಿಲ್ಲ, ಚಕ್ರವಿಲ್ಲ, ಬ್ಯಾಟರಿಯಿಲ್ಲ.

ಸೈಮನ್ಸ್ ಎಂಬ ಹೆಸರಿನ ಹಿಂದೆ ಒಂದು ಬಗೆಯ ಹುಚ್ಚಿದೆ. ಜಾರ್ಜ್ ಜೇಮ್ಸ್ ಸೈಮನ್ಸ್ 1860ರಲ್ಲಿ ಇಂಗ್ಲೆಂಡಿನ ಊರೂರಿನ ಪಾದ್ರಿಗಳು, ವೈದ್ಯರು, ಜಮೀನ್ದಾರರಿಂದ ಮಳೆ ಲೆಕ್ಕ ಕೂಡಿಸತೊಡಗಿದ. 1900ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವನಿಗೆ ವರದಿ ಕಳಿಸುವ ಜಾಗಗಳು ಮೂರು ಸಾವಿರ ದಾಟಿದ್ದವು. ಅದಕ್ಕಿಂತ ಎಷ್ಟೋ ಹಿಂದೆ, ಕೊರಿಯಾದಲ್ಲಿ ಸೆಜೋಂಗ್ ರಾಜನ ಕಾಲಕ್ಕೆ, 1440ರ ದಶಕದಲ್ಲೇ, ಮಳೆ ಅಳೆಯುವ ಒಂದೇ ಅಳತೆಯ ಪಾತ್ರೆಗಳು ಊರೂರಿಗೆ ಹೋಗಿದ್ದವು. ನಮ್ಮ ಕೌಟಿಲ್ಯನೂ ಹಿಂದೆ ಬಿದ್ದವನಲ್ಲ. ಅರ್ಥಶಾಸ್ತ್ರದಲ್ಲಿ ಕೋಷ್ಠಾಗಾರದ ಎದುರು ಒಂದು ಅರತ್ನಿ, ಅಂದರೆ ಮೊಳದಷ್ಟು ಬಾಯಿಯ ಕುಂಡವಿಟ್ಟು ಮಳೆ ಅಳೆಯಬೇಕೆಂದಿದೆ. ಕುಂಡವನ್ನು ಇಡಿಸಿದ್ದು ಉಗ್ರಾಣದ ಮುಂದೆ ಎನ್ನುವುದರಲ್ಲೇ ಎಲ್ಲ ಇದೆ. ಮಳೆ ಎಷ್ಟೆಂದು ಗೊತ್ತಾದರೆ ಧಾನ್ಯ ಎಷ್ಟು ಬರುತ್ತದೆಂದು ಗೊತ್ತು, ಕಂದಾಯವೂ ಗೊತ್ತು.

ನಮ್ಮ ದೇಶದ ಹವಾಮಾನ ಇಲಾಖೆ ಹುಟ್ಟಿದ್ದು ಸಾವುಗಳ ನಡುವೆ. 1864ರಲ್ಲಿ ಕಲ್ಕತ್ತೆಗೆ ಚಂಡಮಾರುತ ಬಡಿಯಿತು, 1866ರಲ್ಲಿ ಒರಿಸ್ಸಾದಲ್ಲಿ ಕ್ಷಾಮ. 1875ರಲ್ಲಿ ಇಲಾಖೆ ಸ್ಥಾಪನೆಯಾಗಿ ಹೆನ್ರಿ ಬ್ಲ್ಯಾನ್‌ಫೋರ್ಡ್ ಅದರ ಮುಖ್ಯಸ್ಥನಾದ. ಮರುವರ್ಷವೇ ದಕ್ಷಿಣದಲ್ಲಿ ಮಳೆ ಕೈಕೊಟ್ಟಿತು. ನಮ್ಮ ಅಜ್ಜಿಯರ ಬಾಯಲ್ಲಿ ಸಂವತ್ಸರದ ಹೆಸರಿನಿಂದಲೇ ಉಳಿದ ಧಾತು–ಈಶ್ವರ ಬರ ಅದು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನ 1881ಕ್ಕೆ 42 ಲಕ್ಷಕ್ಕೆ ಇಳಿದಿತ್ತು. ಅಂಥ ದಶಕದಲ್ಲಿ ದಿನಾ ಡಬ್ಬಿಯ ಆಲಿಕೆ ತೆಗೆದು "ಇಲ್ಲ" ಎಂದು ಬರೆದ ಕೈಗಳಿದ್ದವು. ಬರ ದಾಖಲಾಗುವುದು ಹಾಗೆ, ಸೊನ್ನೆಯ ಸಾಲಾಗಿ.

ಈ ಕಸುಬಿನ ಮರ್ಯಾದೆ ಏನೆಂದು ನನಗೆ ತಿಳಿದದ್ದು ಹದಿಮೂರನೇ ವಯಸ್ಸಿನಲ್ಲಿ, ಕಳ್ಳತನ ಮಾಡಿ ಸಿಕ್ಕಿಬಿದ್ದಾಗ. ರಜೆಗೆ ಹೋಗಿದ್ದೆ. ಮಾವ ಯಾವುದೋ ಮದುವೆಗೆ ಹೊರಟವರು ಎರಡು ದಿನ ಮಳೆ ಬರೆಯುವ ಕೆಲಸ ನನಗೆ ಒಪ್ಪಿಸಿದರು. ಮೊದಲ ದಿನ ಶ್ರದ್ಧೆಯಿಂದ ಬರೆದೆ. ಎರಡನೇ ಬೆಳಿಗ್ಗೆ ಜಡಿಮಳೆ, ಕಣದ ತುಂಬ ಜಿಗಣೆ, ಒಳಗೆ ಕಡುಬಿನ ಪರಿಮಳ. ಕಿಟಕಿಯಿಂದ ಆಕಾಶ ನೋಡಿ "1.50" ಎಂದು ಬರೆದು ಕಡುಬಿಗೆ ಕೂತೆ.

ಮರುದಿನ ಮಾವ ವಾಪಸು ಬಂದು ಪುಸ್ತಕ ತೆರೆದವರು ಆ ಸಾಲಿನ ಮೇಲೆ ಬೆರಳಿಟ್ಟರು. "ಇದನ್ನ ಅಳೆದಿದ್ದಾ?" ನಾನು ಹೂಂ ಅಂದೆ. "ಮಳೆ ಹೀಗೆ ಐವತ್ತಕ್ಕೇ ಬಂದು ನಿಲ್ಲೋದು ಕಮ್ಮಿ ಮಾರಾಯ" ಎಂದು ಎದ್ದು ಹೋಗಿ ಡಬ್ಬಿ ನೋಡಿದರು. ಹಿಂದಿನ ದಿನದ್ದೂ ಸೇರಿ ಬಾಟಲಿ ಉಕ್ಕಿತ್ತು. ಬೈಯಲಿಲ್ಲ. ನನ್ನ 1.50ರ ಮೇಲೆ ಒಂದೇ ಗೆರೆ ಎಳೆದರು, ಕೆಳಗಿನ ಅಂಕಿ ಓದಲು ಬರುವ ಹಾಗೆ. ಆ ಎರಡು ದಿನದ ಸಾಲುಗಳನ್ನು ಆವರಣ ಹಾಕಿ ಕೂಡಿಸಿ, ಒಟ್ಟು ಮಳೆಯನ್ನು ಒಂದೇ ಕಡೆ ಬರೆದರು. "ಅರ್ಧ ಅರ್ಧ ಹಂಚಿ ಬರೆದ್ರೆ ಆಗ್ತಿರ್ಲಿಲ್ವಾ?" ಎಂದೆ. "ಯಾವ ದಿನ ಎಷ್ಟು ಬಿತ್ತು ಅಂತ ನಂಗೊತ್ತಿಲ್ವಲ್ಲ" ಎಂದರು.

ಮಾವ ಬೆರಳಿಟ್ಟು ಮಾಡಿದ್ದನ್ನೇ ಇಂದಿನ ಹವಾಮಾನ ತಜ್ಞರು ಕಂಪ್ಯೂಟರಿನಲ್ಲಿ ಮಾಡುತ್ತಾರೆಂದು ಎಷ್ಟೋ ಕಾಲದ ಮೇಲೆ ಗೊತ್ತಾಯಿತು. ಒಂದು ಕೇಂದ್ರದ ಹಳೆಯ ಪುಸ್ತಕದಲ್ಲಿ ಸೊನ್ನೆ, ಐದರಲ್ಲಿ ಮುಗಿಯುವ ಅಂಕಿಗಳು ಅತಿಯಾಗಿ ಕಂಡರೆ ಯಾರೋ ಕಿಟಕಿಯಿಂದ ಮಳೆ ಅಳೆದಿದ್ದಾರೆ ಎಂದೇ ಅನುಮಾನ.

2024ರ ಜೂನ್ 2ರಂದು ಬೆಂಗಳೂರಿನಲ್ಲಿ 111.1 ಮಿ.ಮೀ. ಮಳೆ ಬಿತ್ತು. ಜೂನ್ ತಿಂಗಳಲ್ಲಿ ಒಂದೇ ದಿನ ಬಿದ್ದ ಮಳೆಯ ಲೆಕ್ಕದಲ್ಲಿ 133 ವರ್ಷದ ದಾಖಲೆ ಮುರಿಯಿತೆಂದು ಪತ್ರಿಕೆಗಳು ಬರೆದವು. ಮುರಿದುಬಿದ್ದ ಹಳೆಯ ದಾಖಲೆ 1891ರ ಜೂನ್ 16ರದು, 101.6 ಮಿ.ಮೀ. ನಾನು ಮಾವನಿಗೆ ಫೋನಿನಲ್ಲಿ ಇದನ್ನು ಓದಿ ಹೇಳಿದೆ. ಅವರು ಮಿಲಿಮೀಟರನ್ನು ಮನಸ್ಸಿನಲ್ಲೇ ಇಂಚಿಗೆ ತಿರುಗಿಸುವವರು. ಎರಡು ಕ್ಷಣ ಸುಮ್ಮನಿದ್ದು, "ಸರಿಯಾಗಿ ನಾಲ್ಕೇ ಇಂಚಾ?" ಎಂದರು. ನಾನು ಗುಣಿಸಿ ನೋಡಿದೆ. ನಾಲ್ಕನ್ನು 25.4ರಿಂದ ಗುಣಿಸಿದರೆ 101.6. ಒಂದು ಸೆಂಟ್ ಆಚೆಯಿಲ್ಲ, ಈಚೆಯಿಲ್ಲ.

ಹಾಗೆಂದು ಆ ದಿನದವನು ಕಡುಬು ತಿನ್ನುತ್ತಿದ್ದ ಎನ್ನಲು ಬರುವುದಿಲ್ಲ. ಮಳೆ ನೂರರಲ್ಲಿ ಒಂದು ಸಲವಾದರೂ ಸೊನ್ನೆ ಸೊನ್ನೆಗೆ ನಿಲ್ಲಲೇಬೇಕು. ಆದರೆ ಪ್ರಶ್ನೆ ಹುಟ್ಟಿತಲ್ಲ, ಆ ಹುಟ್ಟಿದ ರೀತಿ ನನಗಿಷ್ಟ. ಕಸುಬು ಬಲ್ಲವರು ದಾಖಲೆ ಎಂದ ಕೂಡಲೇ ಬೆರಗಾಗುವುದಿಲ್ಲ, ಮೊದಲು ಅನುಮಾನಿಸುತ್ತಾರೆ. ಅಕ್ಕಪಕ್ಕದ ಕೇಂದ್ರಗಳಲ್ಲಿ ಅಂದು ಎಷ್ಟಿತ್ತು, ಹಿಂದಿನ ಮುಂದಿನ ಸಾಲು ಏನು ಹೇಳುತ್ತದೆ ಎಂದು ನೋಡುತ್ತಾರೆ.

ಹೀಗೆ ಅನುಮಾನಿಸಿ ಜಗತ್ತಿನ ಅತಿ ದೊಡ್ಡ ದಾಖಲೆಯೊಂದನ್ನೇ ಕೆಳಗಿಳಿಸಿದ ಕಥೆಯಿದೆ. 1922ರ ಸೆಪ್ಟೆಂಬರ್ 13ರಂದು ಲಿಬಿಯಾದ ಅಲ್ ಅಜೀಜಿಯಾದಲ್ಲಿ 58 ಡಿಗ್ರಿ ಸೆಲ್ಸಿಯಸ್ ತಾಪಮಾನ ಬರೆದಿಟ್ಟಿದ್ದರು. ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ ಅಂಕಿ. ವಿಶ್ವ ಹವಾಮಾನ ಸಂಸ್ಥೆಯ ತಂಡವೊಂದು ಮೂಲ ಹಾಳೆ ಹುಡುಕಿ ಕೂತಿತು. ಆ ದಿನಗಳಲ್ಲಿ ಬರಹ ಬದಲಾಗಿತ್ತು, ಹೊಸಬನೊಬ್ಬ ಕೆಲಸಕ್ಕೆ ಬಂದಿದ್ದ. ಗರಿಷ್ಠ, ಕನಿಷ್ಠಗಳನ್ನು ಅದಲುಬದಲು ಕಾಲಂಗಳಲ್ಲಿ ಬರೆದಿದ್ದ. ಥರ್ಮಾಮೀಟರೂ ಹಳೆಯ ಬಗೆಯದು. ಒಳಗೆ ಒಂದು ಸಣ್ಣ ಕಡ್ಡಿ ಸರಿಯುತ್ತದೆ, ಅದರ ಕೆಳತುದಿಯನ್ನು ಓದಬೇಕು. ಅವನು ಮೇಲ್ತುದಿ ಓದಿದ್ದಿರಬೇಕು. ಕಡ್ಡಿಯ ಉದ್ದ ಏಳು ಡಿಗ್ರಿಯಷ್ಟು! ತಂಡದಲ್ಲಿದ್ದ ಲಿಬಿಯಾದ ಹವಾಮಾನ ತಜ್ಞ ಖಾಲಿದ್ ಎಲ್ ಫದ್ಲಿ 2011ರ ಕ್ರಾಂತಿಯ ಗದ್ದಲದಲ್ಲಿ ತಿಂಗಳುಗಟ್ಟಲೆ ಸಂಪರ್ಕಕ್ಕೇ ಸಿಗಲಿಲ್ಲ. ಬದುಕಿ ಬಂದು ಕೆಲಸ ಮುಂದುವರಿಸಿದರು. 2012ರಲ್ಲಿ, ತೊಂಬತ್ತು ವರ್ಷದ ಮೇಲೆ, ಆ ದಾಖಲೆ ರದ್ದಾಯಿತು. ಈಗ ಪಟ್ಟದಲ್ಲಿರುವುದು ಅಮೆರಿಕದ ಡೆತ್ ವ್ಯಾಲಿಯಲ್ಲಿ 1913ರಲ್ಲಿ ದಾಖಲಾದ 56.7 ಡಿಗ್ರಿ.

ಯಂತ್ರಕ್ಕೂ ಇದೇ ಪರೀಕ್ಷೆ. 2024ರ ಮೇ 29ರಂದು ದೆಹಲಿಯ ಮುಂಗೇಶ್‌ಪುರದ ಸ್ವಯಂಚಾಲಿತ ಕೇಂದ್ರ 52.9 ಡಿಗ್ರಿ ತೋರಿಸಿತು. ರಾಜಸ್ಥಾನದ ಫಲೋಡಿಯಲ್ಲಿ 2016ರಲ್ಲಿ ದಾಖಲಾದ 51 ಡಿಗ್ರಿಯನ್ನೂ ಮೀರಿತೆಂದು ಟೀವಿಗಳು ಕೂಗಿದವು. ಇಲಾಖೆ ಪರಿಶೀಲಿಸಿ, ಆ ಸೆನ್ಸರ್ ಮೂರು ಡಿಗ್ರಿ ಹೆಚ್ಚು ತೋರಿಸುತ್ತಿದೆ ಎಂದು ತಾನೇ ಹೇಳಿತು. ಸುದ್ದಿಗೆ ಅದು ಸಪ್ಪೆ ಮುಕ್ತಾಯ. ನನಗೆ ಮಾತ್ರ ಇಲಾಖೆಯ ಮೇಲೆ ಗೌರವ ಹೆಚ್ಚಿದ್ದು ಅಂದೇ.

ಇಷ್ಟೆಲ್ಲ ಜರಡಿ ಹಿಡಿದ ಮೇಲೂ ಉಳಿಯುವ ಅಂಕಿಗಳಿವೆ, ಅವು ಮೈ ನಡುಗಿಸುತ್ತವೆ. 1860ರ ಆಗಸ್ಟಿನಿಂದ 1861ರ ಜುಲೈವರೆಗೆ ಚಿರಾಪುಂಜಿಯಲ್ಲಿ ಬಿದ್ದದ್ದು 26,461 ಮಿ.ಮೀ. ಮಾವನ ಭಾಷೆಯಲ್ಲಿ ಸಾವಿರದ ನಲವತ್ತು ಇಂಚಿಗೂ ಹೆಚ್ಚು. ವರ್ಷಕ್ಕೆ ನೂರಿಂಚು ಕಂಡರೆ ಸುಸ್ತಾಗುವವರು ನಾವು! ಹನ್ನೆರಡು ತಿಂಗಳ ಮಳೆಯಲ್ಲಿ ಇದು ಇಂದಿಗೂ ಜಗತ್ತಿನ ದಾಖಲೆ. ಇಂಥ ಮಳೆಯಲ್ಲಿ ಡಬ್ಬಿ ದಿನಕ್ಕೊಮ್ಮೆ ನೋಡಿದರೆ ಸಾಲದು, ತುಂಬಿದ ಹಾಗೆಲ್ಲ ಅಳೆದು ಕೂಡಿಸುತ್ತ ಹೋಗಬೇಕು. ಇನ್ನೊಂದು, ಮುಂಬೈನ 2005ರ ಜುಲೈ 26. ಸಾಂತಾಕ್ರೂಜ್‌ನಲ್ಲಿ ಇಪ್ಪತ್ನಾಲ್ಕು ಗಂಟೆಗೆ 944 ಮಿ.ಮೀ. ಅದೇ ಊರಿನ ದಕ್ಷಿಣ ತುದಿಯ ಕೊಲಾಬಾದಲ್ಲಿ 73. ಕೊಲಾಬಾದ ಡಬ್ಬಿಯೊಂದೇ ಇದ್ದಿದ್ದರೆ ಆ ಪ್ರಳಯ ಪುಸ್ತಕದಲ್ಲಿ ಒಂದು ಸಾಧಾರಣ ಮಳೆಗಾಲದ ದಿನ. ನಮ್ಮ ರಾಜ್ಯದಲ್ಲಿ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪಂಚಾಯಿತಿ ಮಟ್ಟದಲ್ಲಿ ಆರು ಸಾವಿರಕ್ಕೂ ಹೆಚ್ಚು ಮಾಪಕಗಳನ್ನು ನೆಟ್ಟಿರುವುದು ಏಕೆಂದು ಇದರಿಂದ ಅರ್ಥವಾಗುತ್ತದೆ.

ಈಗ ಊರ ಹಿರಿಯರ ವಾದಕ್ಕೆ ಬರೋಣ. "ಹಿಂದೆ ಬಂದಿರ್ಲಿಲ್ವಾ ಇಂಥ ಮಳೆ?" ಬಂದಿತ್ತು. 1924ರ ಜುಲೈಯಲ್ಲಿ ಕಾವೇರಿ ಉಕ್ಕಿದ್ದು, ಕೇರಳ ಮುಳುಗಿದ್ದು ಸುಳ್ಳಲ್ಲ. ಒಂದು ದಾಖಲೆ ಮಳೆ ಹವಾಮಾನ ಬದಲಾವಣೆಗೆ ಸಾಕ್ಷಿಯಲ್ಲ, ಹಾಗೆಯೇ ಒಂದು ಹಳೆಯ ಪ್ರವಾಹ ಅದಕ್ಕೆ ಎದುರು ಸಾಕ್ಷಿಯೂ ಅಲ್ಲ. ನೋಡಬೇಕಾದ್ದು ದಾಖಲೆಗಳು ಎಷ್ಟೆಷ್ಟು ಸಲ ಮುರಿಯುತ್ತಿವೆ ಎಂಬುದನ್ನು.

ಈ ಲೆಕ್ಕ ಬಹಳ ಚೆಂದ. ಹೊಸ ಪುಸ್ತಕ ಶುರುಮಾಡಿದ ಮೊದಲ ವರ್ಷದ ಅತಿ ಹೆಚ್ಚು ಮಳೆಯ ದಿನ ತಾನಾಗಿ ದಾಖಲೆಯೇ, ಹೋಲಿಸಲು ಬೇರೆ ವರ್ಷವಿಲ್ಲ. ಎರಡನೇ ವರ್ಷ ಅದು ಮುರಿಯುವ ಸಂಭವ ಎರಡರಲ್ಲೊಂದು, ಹತ್ತನೇ ವರ್ಷ ಹತ್ತರಲ್ಲೊಂದು, ನೂರನೇ ವರ್ಷ ನೂರರಲ್ಲೊಂದು. ಮಳೆಯ ಸ್ವಭಾವ ಬದಲಾಗದೆ ಇದ್ದರೆ, ನೂರು ವರ್ಷದ ಪುಸ್ತಕದಲ್ಲಿ ಮೊದಲಿನದೂ ಸೇರಿ ದಾಖಲೆಗಳು ಸರಾಸರಿ ಐದು ಮಾತ್ರ. ಪುಸ್ತಕ ಹಳತಾದಷ್ಟೂ ದಾಖಲೆ ಅಪರೂಪವಾಗಬೇಕು. ಆಗುತ್ತಿದೆಯೇ? ಜಗತ್ತಿನ ಕೇಂದ್ರಗಳ ಲೆಕ್ಕ ಕೂಡಿಸಿ 2015ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 1981ರಿಂದ 2010ರ ನಡುವೆ ಮುರಿದ ದಿನದ ಮಳೆಯ ದಾಖಲೆಗಳು ಹೀಗೆ ನಿರೀಕ್ಷಿಸುವುದಕ್ಕಿಂತ ಶೇಕಡ 12ರಷ್ಟು ಹೆಚ್ಚು.

ನಮ್ಮ ದೇಶದ ಪುಸ್ತಕಗಳು ಇನ್ನೂ ಸೂಕ್ಷ್ಮವಾದದ್ದನ್ನು ಹೇಳುತ್ತವೆ. ಹವಾಮಾನ ವಿಜ್ಞಾನಿ ಬಿ.ಎನ್. ಗೋಸ್ವಾಮಿ ಮತ್ತು ಸಂಗಡಿಗರು 1,803 ಕೇಂದ್ರಗಳ 1951ರಿಂದ 2000ದವರೆಗಿನ ದಿನದ ಲೆಕ್ಕವನ್ನು ಬಳಸಿ ಮಧ್ಯ ಭಾರತದ ಮುಂಗಾರನ್ನು ನೋಡಿದರು. ಮಳೆಗಾಲದ ಒಟ್ಟು ಮಳೆಯಲ್ಲಿ ಹೇಳಿಕೊಳ್ಳುವ ಬದಲಾವಣೆಯಿಲ್ಲ. ಆದರೆ ಜಡಿದು ಬೀಳುವ ಭಾರಿ ಮಳೆ ಹೆಚ್ಚಿದೆ, ಹದವಾದ ಮಳೆ ಕಡಿಮೆಯಾಗಿದೆ, ಒಂದು ಇನ್ನೊಂದನ್ನು ಸರಿದೂಗಿಸಿ ಮೊತ್ತ ಸುಮ್ಮನೆ ಕೂತಿದೆ. ವರ್ಷದ ಮೊತ್ತ ಮಾತ್ರ ಬರೆದಿಟ್ಟಿದ್ದರೆ ಇದು ಯಾರಿಗೂ ಕಾಣುತ್ತಿರಲಿಲ್ಲ. ಆಮೇಲೆ ರಾಕ್ಸಿ ಮ್ಯಾಥ್ಯೂ ಕೋಲ್ ತಂಡ 1950ರಿಂದ 2015ರವರೆಗೆ ನೋಡಿದಾಗ, ಮಧ್ಯ ಭಾರತದಲ್ಲಿ ವಿಸ್ತಾರವಾಗಿ ಸುರಿಯುವ ಅತಿ ಭಾರಿ ಮಳೆಯ ಪ್ರಸಂಗಗಳು ಮೂರು ಪಟ್ಟಾಗಿದ್ದವು. ಕಾರಣದ ಒಂದು ತುದಿ ಅಡುಗೆಮನೆಯ ಭೌತಶಾಸ್ತ್ರ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇಕಡ 7ರಷ್ಟು ಹೆಚ್ಚು ನೀರಾವಿ ಹಿಡಿದಿಡಬಲ್ಲದು. ಹಿಡಿದದ್ದನ್ನು ಒಮ್ಮೆಗೇ ಚೆಲ್ಲುತ್ತದೆ.

ವಯನಾಡಿನಲ್ಲಿ 2024ರ ಜುಲೈ 30ರಂದು ಗುಡ್ಡ ಜಾರಿ ಊರುಗಳೇ ಹೋದಾಗ, ವಿಜ್ಞಾನಿಗಳ ತಂಡವೊಂದು ಕೆಲವೇ ವಾರಗಳಲ್ಲಿ ಲೆಕ್ಕ ಹಾಕಿ, ಆ ದಿನದ ಮಳೆಯನ್ನು ಹವಾಮಾನ ಬದಲಾವಣೆ ಸುಮಾರು ಶೇಕಡ 10ರಷ್ಟು ಹೆಚ್ಚಿಸಿತ್ತು ಎಂದಿತು. ಹತ್ತೇ ಎಂದು ಮೂಗು ಮುರಿದವರನ್ನು ಕಂಡೆ. ಮಲೆನಾಡಿನ ಗುಡ್ಡದ ಬುಡದಲ್ಲಿ ಮನೆ ಇರುವವರಿಗೆ ತುಂಬಿದ ನೆಲಕ್ಕೆ ಕೊನೆಯ ಹತ್ತು ಪಾಲು ಏನು ಮಾಡುತ್ತದೆಂದು ಗೊತ್ತು.

ಕಳೆದ ಬೇಸಿಗೆಯಲ್ಲಿ ಮಾವನ ತೋಟಕ್ಕೆ ಹೋದಾಗ ಕಣದ ಅಂಚಿನಲ್ಲಿ ಡಬ್ಬಿ ಎರಡಾಗಿತ್ತು. ಹಳೆಯದರಿಂದ ಸ್ವಲ್ಪ ದೂರಕ್ಕೆ ನಲವತ್ತು ವರ್ಷದ ಹಿಂದೆ ನೆಟ್ಟ ಸಿಲ್ವರ್ ಓಕ್ ಸಾಲು ಈಗ ಮುಗಿಲು ಮುಟ್ಟಿದೆ. ಗಾಳಿ ಪಡುವಣದಿಂದ ಬೀಸಿದರೆ ಮಳೆಯ ಒಂದಿಷ್ಟು ಮರದ ಪಾಲಾಗುತ್ತದೆ. ಪುಸ್ತಕದಲ್ಲಿ ಮಳೆ ಕಡಿಮೆಯಾಗುತ್ತ ಬಂದದ್ದು ಮುಗಿಲಿನಿಂದಲೋ ಮರದಿಂದಲೋ ಎಂಬ ಅನುಮಾನ ಅವರಿಗೆ. ಮರ ಕಡಿಯಲು ಮನಸ್ಸಿಲ್ಲ, ಮೇಲೆ ಮೆಣಸಿನ ಬಳ್ಳಿ ಹಬ್ಬಿದೆ. ಬಯಲಿನಲ್ಲಿ ಹೊಸ ಡಬ್ಬಿ ಇಟ್ಟರು. ಹಳೆಯದನ್ನು ಕಿತ್ತು ಹಾಕಲಿಲ್ಲ. ಎರಡನ್ನೂ ಜೊತೆಜೊತೆಗೆ ಕೆಲವು ಮಳೆಗಾಲ ಓದಿದರೆ ತಾನೇ ಹಳೆಯ ಲೆಕ್ಕಕ್ಕೂ ಹೊಸ ಲೆಕ್ಕಕ್ಕೂ ಎಷ್ಟು ವ್ಯತ್ಯಾಸವೆಂದು ತಿಳಿಯುವುದು.

ಪುಸ್ತಕದ ಅಂಚಿನಲ್ಲಿ ತಾರೀಖು ಹಾಕಿ ಮೂರು ಸಾಲು ಬರೆದಿದ್ದಾರೆ: ಮರದ ಎತ್ತರ, ಹಳೆಯ ಡಬ್ಬಿಗೆ ಎಷ್ಟು ಅಡಿ, ಹೊಸದಕ್ಕೆ ಎಷ್ಟು. ಹಿಂದಿನ ಅಂಕಿಗಳನ್ನು ಒಂದನ್ನೂ ತಿದ್ದಿಲ್ಲ. ನಾನು ಪುಟ ಮಗುಚುತ್ತ ನನ್ನ 1.50 ಹುಡುಕಿದೆ. ಗೆರೆಯ ಕೆಳಗೆ ಇನ್ನೂ ಇತ್ತು.

ಎಂಟೂವರೆಗೆ ಮಾವ ಎದ್ದರು. ಏಪ್ರಿಲ್ ಬಿಸಿಲು, ಹದಿನೈದು ದಿನದಿಂದ ಹನಿಯಿಲ್ಲ. ಹಳೆಯ ಡಬ್ಬಿಯ ಬಾಟಲಿಯನ್ನು ಗಾಜಿನ ಮೇಲೆ ಬೋರಲು ಹಿಡಿದರು. ಒಂದು ಇರುವೆ ಬಿತ್ತು. ಅದನ್ನು ಊದಿ ಹೊರಗೆ ಕಳಿಸಿ, ಹೊಸದರ ಕಡೆ ನಡೆದರು.